ಸೇಲಂ ಅಜ್ಜಿಯ ಕನ್ನಡ ಶಾಲೆ

ಪಠ್ಯಪುಸ್ತಕವಿಲ್ಲ, ಕಪ್ಪುಹಲಗೆಯಿಲ್ಲ, ಲಿಪಿಯ ಪರಿಚಯವೂ ಇಲ್ಲ. ಆದರೂ ತಮಿಳುನಾಡಿನ ಸೇಲಂ, ಧರ್ಮಪುರಿ ಸೀಮೆಯ ನೇಕಾರರ ಮನೆಗಳಲ್ಲಿ, ಕಾವೇರಿ ದಂಡೆಯ ಊರುಗಳಲ್ಲಿ ಕನ್ನಡ ಇನ್ನೂ ಬದುಕಿದೆ. ಅದನ್ನು ಕಾಪಾಡಿಕೊಂಡು ಬಂದವರು ಅಜ್ಜಿ-ತಾತಂದಿರು. ಅವರ ಪಕ್ಕ ಕೂರಲು ಮೊಮ್ಮಕ್ಕಳಿಗೆ ಪುರುಸೊತ್ತಿದೆಯೇ?

ತಮಿಳರ ಆಡಿ ತಿಂಗಳ ಮೊದಲ ದಿನ. ಬಿಸಿಲು ಇಳಿಯುತ್ತಿದ್ದಂತೆ ಸೇಲಂನ ಬೀದಿಗಳಲ್ಲಿ ಮನೆಮನೆಯ ಮುಂದೆ ಬೆಂಕಿ ಹೊತ್ತಿಕೊಳ್ಳುತ್ತದೆ. ಸುತ್ತ ಮಕ್ಕಳು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೋಲು, ಕೋಲಿನ ತುದಿಯಲ್ಲಿ ಅರಿಶಿನ ಬಳಿದ ತೆಂಗಿನಕಾಯಿ. ಕಾಯಿಯ ಚಿಪ್ಪು ಮೊದಲು ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಒಳಗಿನ ಬೆಲ್ಲ ಕರಗಿ ಬೀದಿಯೆಲ್ಲ ಘಮಘಮ.

"ತಿರುಗಿಸ್ತಾ ಇರು ಕಂದಾ, ಒಂದೇ ಕಡೆ ಹಿಡೀಬೇಡ." ಜಗಲಿಯ ಮೇಲಿಂದ ಅಜ್ಜಿಯ ದನಿ.

"ಸರಿ ಅಜ್ಜೀ." ಉತ್ತರ ಕೊಟ್ಟ ಹುಡುಗ ಮರುಕ್ಷಣವೇ ಪಕ್ಕದ ಗೆಳೆಯನತ್ತ ತಿರುಗಿ ಪಟಪಟನೆ ತಮಿಳು ಶುರುಮಾಡುತ್ತಾನೆ. ಅಜ್ಜಿಯ ಜೊತೆ ಕನ್ನಡ, ಬೀದಿಯ ಜೊತೆ ತಮಿಳು, ನಾಳೆ ಬೆಳಿಗ್ಗೆ ಶಾಲೆಯಲ್ಲಿ ಇಂಗ್ಲಿಷ್. ಏಳೆಂಟು ವರ್ಷದ ಮಕ್ಕಳು ಮೂರನ್ನೂ ಹೀಗೆ ಸಲೀಸಾಗಿ ಸಂಭಾಳಿಸುವ ಮನೆಗಳು ಅಮ್ಮಾಪೇಟೆ, ಗುಗೈ, ಪೊನ್ನಮ್ಮಾಪೇಟೆಯಂಥ ನೇಕಾರ ಕೇರಿಗಳಲ್ಲಿ ಇನ್ನೂ ಇವೆ.

ಕಾಯಿ ಸುಡುವಾಗ ಕತೆಯೂ ನಡೆಯಬೇಕು. ಆಡಿ ಒಂದರಂದು ಕುರುಕ್ಷೇತ್ರ ಯುದ್ಧ ಶುರುವಾಯಿತಂತೆ, ಹದಿನೆಂಟರಂದು ಮುಗಿಯಿತಂತೆ. ಯಾರು ಗೆಲ್ಲುತ್ತಾರೋ ಏನೋ ಎಂದು ಕಂಗಾಲಾದ ಜನ ಧರ್ಮವೇ ಗೆಲ್ಲಲಿ ಎಂದು ಬೇಡಿ ಗಣಪತಿಗೆ ಸುಟ್ಟ ಕಾಯಿ ಅರ್ಪಿಸಿದರಂತೆ. ಯುದ್ಧ ಶುರುವಾಗುವಾಗ ಹೇಳಿದ ಗೀತೆಯ ಜಯಂತಿ ಕರ್ನಾಟಕದಲ್ಲಿ ಮಾರ್ಗಶಿರದಲ್ಲಿ ಬರುತ್ತದೆ, ಲೆಕ್ಕ ಹೊಂದುವುದಿಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಮಗುವಿಗೆ ಆ ತಕರಾರು ಬೇಡ. ಅದರ ಪಾಲಿಗೆ ಮಹಾಭಾರತ ಎಂದರೆ ಬೆಂಕಿಯ ಬೆಳಕು, ಸುಟ್ಟ ಕೊಬ್ಬರಿಯ ರುಚಿ, ಅಜ್ಜಿಯ ಮಾತು. ಮುಂದೆ ಎಷ್ಟು ಪುಸ್ತಕ ಓದಿದರೂ ಆ ಮೊದಲ ಭಾರತ ಮಾಸುವುದಿಲ್ಲ.

■ ಕಾಯಿ ಸುಡುವ ಬಗೆ
*ಸೇಲಂ, ಧರ್ಮಪುರಿ, ನಾಮಕ್ಕಲ್, ಈರೋಡ್, ಕರೂರು ಭಾಗದ ವಿಶೇಷ ಹಬ್ಬವಿದು. ಜುಲೈ ನಡುವಿನಲ್ಲಿ ಬರುತ್ತದೆ. ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಾಯಿಯ ನಾರು ಕಿತ್ತು, ಚಿಪ್ಪನ್ನು ನೆಲಕ್ಕೆ ಉಜ್ಜಿ ನುಣುಪು ಮಾಡುತ್ತಾರೆ. ಮೂರು ಕಣ್ಣುಗಳಲ್ಲಿ ಒಂದನ್ನು ತೂತು ಮಾಡಿ ನೀರು ಬಸಿದು, ಹುರಿಗಡಲೆ, ಹೆಸರುಬೇಳೆ, ಎಳ್ಳು, ಅವಲಕ್ಕಿ, ಬೆಲ್ಲ ತುಂಬಿ, ಬಸಿದ ನೀರನ್ನೇ ಸ್ವಲ್ಪ ಹೊಯ್ಯುತ್ತಾರೆ. ತೂತಿಗೆ ಅಂಕೋಲೆ ಗಿಡದ ಹಸಿ ಕೋಲು ಬಡಿದು, ಅರಿಶಿನ ಬಳಿದು ಬೆಂಕಿಗೆ ಹಿಡಿಯುತ್ತಾರೆ. ಚಿಪ್ಪು ಬಿರಿದರೆ ಕಾಯಿ ಬೆಂದಿತು ಎಂದು ಲೆಕ್ಕ. ಮೊದಲ ಪಾಲು ಗಣಪತಿಗೆ.*

### ಗಡಿಯಾಚೆಗೂ ಆಚೆ

ಗಡಿನಾಡ ಕನ್ನಡ ಎಂದಾಗ ನಮಗೆ ಕಾಸರಗೋಡು ನೆನಪಾಗುತ್ತದೆ, ಹೊಸೂರು ನೆನಪಾಗುತ್ತದೆ, ಒತ್ತಾಯಿಸಿ ಕೇಳಿದರೆ ತಾಳವಾಡಿ. ಸೇಲಂ ನೆನಪಾಗುವುದಿಲ್ಲ. ಮಾವಿನಹಣ್ಣು, ಉಕ್ಕಿನ ಕಾರ್ಖಾನೆ, ಏರ್ಕಾಡು ಬೆಟ್ಟ ಇಷ್ಟಕ್ಕೆ ಸೇಲಂ ಮುಗಿಯಿತು. ಆದರೆ 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ತಮಿಳುನಾಡಿನಲ್ಲಿ 12 ಲಕ್ಷಕ್ಕೂ ಹೆಚ್ಚು. ಅವರೆಲ್ಲ ಗಡಿಯಂಚಿನಲ್ಲೇ ಇಲ್ಲ. ಸೇಲಂ, ಕೊಯಮತ್ತೂರು ದಾಟಿ ತೇಣಿಯ ತನಕ ಹರಡಿದ್ದಾರೆ.

ಇವರಲ್ಲಿ ಹೆಚ್ಚಿನವರು ನಿನ್ನೆ ಮೊನ್ನೆ ಕೆಲಸ ಹುಡುಕಿ ಬಂದವರಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾಲದ ಅದಿಯಮಾನ್ ಆಳಿದ ಊರು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ನೊಳಂಬರ ಆಳ್ವಿಕೆಯಿತ್ತು, ಕಲ್ಲಿನ ಮೇಲೆ ಕನ್ನಡವಿತ್ತು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಸರು ಈ ಸೀಮೆಯನ್ನು ಗೆದ್ದುಕೊಂಡರು. ಧರ್ಮಪುರಿ ಸೀಮೆಯನ್ನೊಳಗೊಂಡ ಬಾರಾಮಹಲ್ ಮತ್ತು ಸೇಲಂ ಮೈಸೂರಿನ ಕೈತಪ್ಪಿದ್ದು 1792ರ ಮಾರ್ಚಿನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ. ಟಿಪ್ಪುವಿನಿಂದ ಕಿತ್ತುಕೊಂಡ ಈ ನಾಡಿಗೆ ಕಂಪನಿ ಸರ್ಕಾರ ಅಲೆಕ್ಸಾಂಡರ್ ರೀಡನನ್ನು ಕಲೆಕ್ಟರ್ ಮಾಡಿತು. ಅವನ ಕೈಕೆಳಗೆ ಧರ್ಮಪುರಿಯಲ್ಲಿ ಕೂತು ಕಂದಾಯದ ಕೆಲಸ ಕಲಿತ ತರುಣ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾದ.

ಆಮೇಲಿನದು ಗೆರೆ ಎಳೆಯುವ ಕತೆ. 1956ರಲ್ಲಿ ಭಾಷಾವಾರು ರಾಜ್ಯಗಳಾದವು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಕನ್ನಡದವರು ಹೆಚ್ಚಿರುವ ಹೊಸೂರು, ದೇಂಕಣಿಕೋಟೆ ಕೃಷ್ಣಗಿರಿಗೆ ಹೋದವು. ಕನ್ನಡ ಶಾಲೆಗಳೂ ಬಹುಪಾಲು ಆ ಕಡೆಗೇ ಉಳಿದವು. ಸೇಲಂ ನೇಕಾರನ ಮನೆಗೆ ಕನ್ನಡದ ಶಾಲೆಯೂ ಇಲ್ಲ, ಪತ್ರಿಕೆಯೂ ಇಲ್ಲ. ಇದ್ದದ್ದು ಮನೆಯ ಹಿರಿಯರ ಬಾಯಿ ಮಾತ್ರ.

■ ತಗಡೂರಿನ ಕಲ್ಲು
*ಕ್ರಿ.ಶ. 893ರ ಧರ್ಮಪುರಿಯ ಕನ್ನಡ ಶಾಸನ ನೊಳಂಬ ದೊರೆ ಮಹೇಂದ್ರನ ಕಾಲದ್ದು. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಕುಲದ ಅಣ್ಣತಮ್ಮಂದಿರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದನ್ನು, ಅದಕ್ಕೆ ಹಳ್ಳಿ ಬಿಟ್ಟದ್ದನ್ನು ಅದು ಹೇಳುತ್ತದೆ.*

### ಮಗ್ಗದ ಗುಂಡಿಯ ಪಕ್ಕ

ಸೇಲಂನ ಕನ್ನಡ ಎಂದರೆ ಮುಖ್ಯವಾಗಿ ದೇವಾಂಗರ ಕನ್ನಡ. ನೇಯ್ಗೆ ಇವರ ಕುಲಕಸುಬು. ಹಂಪೆಯ ಕಡೆಯಿಂದ ಹೊರಟು ಹೊಳೆ ಸಾಲು ಹಿಡಿದು ದಕ್ಷಿಣಕ್ಕೆ ಬಂದೆವೆಂದು ಹಿರಿಯರು ಹೇಳಿಕೊಳ್ಳುತ್ತಾರೆ. ಸೇಲಂನ ಬಿಳಿ ರೇಷ್ಮೆ ಪಂಚೆ 'ವೆಣ್‌ಪಟ್ಟು' ಎಂದೇ ಹೆಸರುವಾಸಿ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ.

ಮೊಮ್ಮಗುವಿನ ಕಲಿಕೆ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಗುಂಡಿಮಗ್ಗದ ಮನೆಯನ್ನು ನೋಡಬೇಕು. ನಡುಮನೆಯಲ್ಲೇ ಮಗ್ಗ. ನೆಲ ಅಗೆದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತಾತ ಕೂತಿದ್ದಾರೆ. ಕಾಲು ತುಳಿದಾಗ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಕೈ ಎಳೆದಾಗ ಲಾಳಿ ಅತ್ತಿಂದಿತ್ತ ಹಾಯುತ್ತದೆ, ಹಣಿಗೆ ಬಂದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಗೋಡೆ ಬದಿಯಲ್ಲಿ ಅಜ್ಜಿಯ ರಾಟೆ. ರಾಟೆ ತಿರುಗಿದಂತೆ ಕಂಡಿಕೆಗೆ ನೂಲು ಸುತ್ತಿಕೊಳ್ಳುತ್ತದೆ. ಮಗು ಇವರಿಬ್ಬರ ನಡುವೆ. ಅಜ್ಜಿ ಸುತ್ತಿದ ಕಂಡಿಕೆಯನ್ನು ತಾತನಿಗೆ ತಲುಪಿಸುವುದು ಅದರ ಕೆಲಸ. ಕೆಲಸ ಅನ್ನುವುದಕ್ಕಿಂತ ಆಟ ಅನ್ನಬೇಕು.

ಆ ಓಡಾಟದಲ್ಲೇ ಎಲ್ಲವೂ ಕಿವಿಗೆ ಬೀಳುತ್ತದೆ. ಎಳೆ ಎಣಿಸುವಾಗ ತಾತನ ಬಾಯಿಂದ ಬಂದ ಅಂಕಿಯೇ ಮೊದಲ ಗಣಿತ. ಎಳೆ ಕಡಿದಾಗ ಬಂದ ಬೈಗುಳವೂ ಕನ್ನಡದ್ದೇ. ನೂಲಿನ ಬಣ್ಣದ ಹೆಸರು, ಸೀರೆಯ ಅಂಚಿನ ಹೆಸರು, ಯಾವ ನೆಂಟರ ಮನೆಯಲ್ಲಿ ಯಾವ ಮದುವೆ, ಯಾರಿಗೆ ಯಾರು ಏನಾಗಬೇಕು, ಎಲ್ಲ ಇಲ್ಲೇ. "ನೀನು ಯಾವ ಕುಲ?" ಎಂದು ಯಾರಾದರೂ ಕೇಳಿದರೆ ಮಗು ತಡವರಿಸದೆ ಹೇಳಬೇಕು. ಏಂದೇಲಾರು, ಇರುಮನೇರು, ಕಪ್ಪೇಲಾರು ಎಂದು ಮನೆತನದ ಹೆಸರುಗಳ ಸಾಲೇ ಇದೆ. ಒಂದೇ ಕುಲದವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಹೆಸರು ಗೊತ್ತಿದ್ದರೆ ಎಂದೂ ನೋಡದ ಊರಿಗೆ ಹೋದರೂ ಅಣ್ಣ ಯಾರು, ಮಾವ ಯಾರು ಎಂದು ನಿಂತ ಕಾಲಲ್ಲಿ ಗೊತ್ತಾಗಿಬಿಡುತ್ತದೆ.

ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಅಂದು ಪುರಾಣ ಹೇಳಲು ಅಜ್ಜಿಗೆ ಬಿಡುವು. ಬತ್ತಲೆ ಲೋಕಕ್ಕೆ ಬಟ್ಟೆ ಕೊಡಲೆಂದು ಶಿವ ದೇವಲ ಮಹರ್ಷಿಯನ್ನು ಹುಟ್ಟಿಸಿದ. ದೇವಲ ವಿಷ್ಣುವಿನ ಬಳಿಗೆ ಹೋಗಿ ಹೊಕ್ಕುಳ ತಾವರೆಯ ದಂಟಿನ ನೂಲು ತಂದ. ಹಿಂದಿರುಗುವಾಗ ದಾರಿಯಲ್ಲಿ ಅಸುರರು ಅಡ್ಡಗಟ್ಟಿದರು. ಮೊರೆ ಕೇಳಿ ಚೌಡೇಶ್ವರಿ ಸಿಂಹವೇರಿ ಬಂದು ಅವರನ್ನು ಕೊಂದಳು. ಆ ನೆತ್ತರಲ್ಲಿ ಅದ್ದಿದ ನೂಲಿಗೆ ಬಣ್ಣ ಬಂತು. ಪಕ್ಕದಲ್ಲೇ ಬಣ್ಣದ ನೂಲಿನ ಲಡಿ ನೇತಾಡುತ್ತಿರುವಾಗ ಈ ಕತೆ ಕೇಳಿದ ಮಗುವಿಗೆ ನಂಬಿಕೆ ಬರದೇ ಇರುತ್ತದೆಯೇ?

ಇದೇ ತಾಯಿಯ ಹಬ್ಬದಲ್ಲಿ ಕತ್ತಿ ಸೇವೆ ನಡೆಯುತ್ತದೆ. ವೀರಕುಮಾರರು ಎಂದು ಕರೆಸಿಕೊಳ್ಳುವ ಗಂಡಸರು ಬರಿಮೈಯಲ್ಲಿ, ತಮಟೆಯ ಗತಿಗೆ ಹೆಜ್ಜೆ ಹಾಕುತ್ತ, "ತೀಸುಕೋ ತಾಯೇ" (ತೆಗೆದುಕೋ ತಾಯೇ) ಎಂದು ಕೂಗುತ್ತ ಎದೆಗೆ ಕತ್ತಿ ತಾಗಿಸಿಕೊಳ್ಳುತ್ತಾರೆ. ಗಾಯಕ್ಕೆ ಭಂಡಾರವೇ ಮದ್ದು. ಕೊಯಮತ್ತೂರಿನಲ್ಲಿ ವಿಜಯದಶಮಿಯ ದಿನ ನಡೆಯುವ ಈ ಮೆರವಣಿಗೆ ಹೆಸರಾದದ್ದು. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಅದರ ಹಿಂದಿನ ತಿಂಗಳುಗಳ ತಯಾರಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಹೆಜ್ಜೆ ಎಲ್ಲಿಡಬೇಕು, ಮೊಣಕೈ ಎಷ್ಟು ಮಡಿಸಬೇಕು, ಕತ್ತಿ ಎಲ್ಲಿಗೆ ತಾಗಬೇಕು, ಎಲ್ಲಿಗೆ ತಾಗಬಾರದು ಎನ್ನುವುದನ್ನು ಹಿರಿಯರು ಹುಡುಗರಿಗೆ ಕೈಹಿಡಿದು ಕಲಿಸುತ್ತಾರೆ. ಅಲಗಿನ ಕೆಲಸದಲ್ಲಿ ಅರ್ಧಂಬರ್ಧ ಕಲಿಕೆ ನಡೆಯುವುದಿಲ್ಲ.

ಗುಂಡಿಮಗ್ಗಗಳು ಈಗ ಕಡಿಮೆಯಾಗಿವೆ. ಇಳಂಪಿಳ್ಳೈ ಕಡೆಗೆ ಹೋದರೆ ಬೀದಿಬೀದಿಯಲ್ಲಿ ವಿದ್ಯುತ್ ಮಗ್ಗ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದದ್ದರಿಂದ ಕೂಲಿ ಏನಾಯಿತು, ಬೆಲೆ ಏನಾಯಿತು ಎಂದು ಬೇಕಾದಷ್ಟು ಬರೆದಿದ್ದಾರೆ. ಮಾತು ಏನಾಯಿತು ಎಂದು ಬರೆದವರು ಕಡಿಮೆ. ಕೈಮಗ್ಗಕ್ಕೂ ಸದ್ದಿದೆ, ಆದರೆ ಬಡಿತಕ್ಕೂ ಬಡಿತಕ್ಕೂ ನಡುವೆ ಒಂದು ಮಾತು ಹಿಡಿಸುವಷ್ಟು ಜಾಗವಿದೆ. ತಾತ ಒಂದು ಸಾಲು ಹೇಳಿ ಲಾಳಿ ಎಳೆದು ಮುಂದಿನ ಸಾಲು ಹೇಳಬಲ್ಲರು. ವಿದ್ಯುತ್ ಮಗ್ಗದ ಕೋಣೆಯಲ್ಲಿ ಪಕ್ಕದವರ ಕಿವಿಗೆ ಬಾಯಿಟ್ಟು ಕೂಗಬೇಕು. ಅಲ್ಲಿ ಕತೆ ಹೇಳಲಾಗದು, ಮಗುವನ್ನು ಹತ್ತಿರ ಬಿಡಲೂ ಆಗದು. ಮಗ ಕಾರ್ಖಾನೆಗೆ, ಸೊಸೆ ಅಂಗಡಿಗೆ, ಮೊಮ್ಮಗು ಟ್ಯೂಷನ್ನಿಗೆ, ಅಜ್ಜಿ ಟಿವಿಯ ಮುಂದೆ. ಭಾಷೆ ಸೊರಗುವುದಕ್ಕೆ ಇಷ್ಟು ಸಾಕು. ಯಾರೂ ಅದನ್ನು ಬೇಡವೆನ್ನಬೇಕಾಗಿಲ್ಲ.

### ಮಾದಪ್ಪನ ದಾರಿ, ಮುಳುಗಿದ ಊರು

ಸೇಲಂ ಬಿಟ್ಟು ಪಶ್ಚಿಮಕ್ಕೆ ಮೇಟ್ಟೂರು, ಕೊಳತ್ತೂರಿನ ಕಡೆಗೆ, ಅಥವಾ ಧರ್ಮಪುರಿಯಿಂದ ಪೆನ್ನಾಗರಂ ದಾಟಿ ಹೊಗೆನಕಲ್ ಕಡೆಗೆ ಹೋದರೆ ಅಜ್ಜಿಯ ಕತೆಯ ದೇವರು ಬದಲಾಗುತ್ತಾನೆ. ಇಲ್ಲಿ ಮಲೆ ಮಾದೇಶ್ವರನ ರಾಜ್ಯ. ಹೊಳೆಯಾಚೆ ಕಾಣುವ ಅವನ ಏಳುಮಲೆ ಕರ್ನಾಟಕದ್ದು. ಆದರೆ ದೀಪಾವಳಿ, ಶಿವರಾತ್ರಿ, ಯುಗಾದಿ ಜಾತ್ರೆಗೆ ಪಾಲಾರ್ ದಾಟಿ ಬರುವ ತಮಿಳುನಾಡಿನ ಭಕ್ತರನ್ನು ಬಿಟ್ಟರೆ ಆ ಜಾತ್ರೆಯೇ ಇಲ್ಲ.

ಇಲ್ಲಿ ತಾತನಿಗೆ ಕತೆಯ ಬರವಿಲ್ಲ. ದೇವತೆಗಳನ್ನೆಲ್ಲ ಸೆರೆಯಾಳು ಮಾಡಿಕೊಂಡಿದ್ದ ಬಂಕಾಪುರಿಯ ಶ್ರವಣನನ್ನು ಮಾದಪ್ಪ ಪಾದರಕ್ಷೆಯ ನೆವದಲ್ಲಿ ಮುಗಿಸಿದ ಬಗೆ, ಹುಲಿಯೇರಿ ಬೆಟ್ಟ ಸುತ್ತಿದ್ದು, ಸಂಕಮ್ಮನ ಗಂಡ ನೀಲೇಗೌಡ ಹೆಂಡತಿಗೆ ಕೊಟ್ಟ ಕಾಟ, ಬೇವಿನಹಟ್ಟಿ ಕಾಳಮ್ಮನ ಸೊಕ್ಕು ಮುರಿದದ್ದು, ಒಂದೊಂದು ಕತೆಯೂ ಒಂದೊಂದು ರಾತ್ರಿಗೆ ಆಗುವಷ್ಟಿದೆ. ಇವನ್ನೆಲ್ಲ ರಾತ್ರಿಯಿಡೀ ಕಂಸಾಳೆ ಹಿಡಿದು ಹಾಡುವವರು ದೇವರಗುಡ್ಡರು. ಪಿ.ಕೆ. ರಾಜಶೇಖರ ಅವರು ಈ ಹಾಡುಗಳನ್ನು ಸಂಗ್ರಹಿಸಿ 1973ರಲ್ಲಿ ಮಹಾಕಾವ್ಯವಾಗಿ ಹೊರತಂದ ಮೇಲೆ ವಿದ್ವಾಂಸರ ಕಣ್ಣು ಇತ್ತ ತಿರುಗಿತು. ಹೊಳೆ ದಂಡೆಯ ಮಕ್ಕಳು ಮಾತ್ರ ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಇದನ್ನು ಕೇಳುತ್ತಲೇ ನಿದ್ದೆ ಹೋಗಿದ್ದಾರೆ.

ಅದರಲ್ಲೂ ಜುಂಜೇಗೌಡನ ಕತೆ ಬಂದಾಗ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಮಾದಪ್ಪನಿಗೆ ಬೆಟ್ಟದ ಮೇಲೆ ಗುಡಿ ಕಟ್ಟಿಸಿದವನು ಆಲಂಬಾಡಿ ಜುಂಜೇಗೌಡ. ಆಲಂಬಾಡಿ ಎಂದರೆ ಎಲ್ಲೋ ಕತೆಯೊಳಗಿನ ಊರಲ್ಲ, ಇದೇ ಹೊಳೆಯ ದಂಡೆಯದು. ಮನೆಯ ಕೊಟ್ಟಿಗೆಯಲ್ಲಿರುವ ಎತ್ತಿನ ತಳಿಯ ಹೆಸರೂ ಅದೇ.

■ ಆಲಂಬಾಡಿ ದನ
*ಹೊಗೆನಕಲ್ ಸುತ್ತಿನ ಕಾವೇರಿ ಕಾಡಿನ ತಳಿ. ಹಳ್ಳಿಕಾರ್ ತಳಿಯ ನೆಂಟ. ಕಪ್ಪುಬೂದಿ ಮೈ, ಹಿಂದಕ್ಕೆ ಬಾಗಿದ ಕೊಂಬು, ಕಡಿಮೆ ಮೇವಿನಲ್ಲೂ ಗಟ್ಟಿ ದುಡಿಮೆ. ಟ್ರ್ಯಾಕ್ಟರ್ ಬಂದ ಮೇಲೆ ಸಂಖ್ಯೆ ಕುಸಿಯಿತು. ತಳಿ ಉಳಿಸಲು ಧರ್ಮಪುರಿ ಜಿಲ್ಲೆಯಲ್ಲಿ ಸಂಶೋಧನಾ ಕೇಂದ್ರ ತೆರೆಯಲಾಗಿದೆ.*

ಮೇಟ್ಟೂರಿನಲ್ಲಿ ಇನ್ನೊಂದು ಕತೆಯಿದೆ, ಅದು ಪುರಾಣವಲ್ಲ. 1925ರಲ್ಲಿ ಕೆಲಸ ಶುರುವಾಗಿ 1934ರಲ್ಲಿ ಅಣೆಕಟ್ಟೆ ಮುಗಿದಾಗ ಹೊಳೆ ದಂಡೆಯ ಊರುಗಳು ನೀರಿನಡಿ ಹೋದವು. ಕಡುಬೇಸಿಗೆಯಲ್ಲಿ ನೀರು ಇಳಿದಾಗ ಪಣ್ಣವಾಡಿಯ ಬಳಿ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಚರ್ಚಿನ ಗೋಪುರವೂ ಮೇಲೆದ್ದು ನಿಲ್ಲುತ್ತವೆ. ಆಗ ಹಿರಿಯರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಊರು ಮುಳುಗಿದ್ದನ್ನು ಕಣ್ಣಾರೆ ಕಂಡ ತಲೆಮಾರು ಬಹುಮಟ್ಟಿಗೆ ಮುಗಿದಿದೆ. ಈಗ ತೋರಿಸುವವರು ಆ ಕಂಡವರ ಮೊಮ್ಮಕ್ಕಳು. ಅಜ್ಜಿಯಿಂದ ಮೊಮ್ಮಗುವಿಗೆ ದಾಟಿದ ಮಾತು ಎರಡನೆಯ ಬಾರಿ ದಾಟುತ್ತಿದೆ.

ಈ ಮಕ್ಕಳಿಗೆ ತಮಿಳಿನ ಕತೆಯೂ ಸಮೃದ್ಧ. ದೀರ್ಘಾಯುಸ್ಸಿನ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟ ಅದಿಯಮಾನ್ ಇದೇ ತಗಡೂರಿನವನು. ಧರ್ಮಪುರಿ ಕಡೆಯ ದ್ರೌಪದಿ ಅಮ್ಮನ ಗುಡಿಗಳಲ್ಲಿ ದಿನಗಟ್ಟಲೆ ಭಾರತ ಕತೆ, ರಾತ್ರಿ ತೆರುಕ್ಕೂತ್ತು ಆಟ. ಕನ್ನಡದ ಅಜ್ಜಿ ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತಮಿಳು ಕೂತ್ತು ನೋಡುತ್ತಾಳೆ, ನಡುನಡುವೆ ಕನ್ನಡದಲ್ಲಿ ವಿವರಿಸುತ್ತಾಳೆ. ಒಂದು ಭಾಷೆಯ ಮೇಲಿನ ಪ್ರೀತಿಗೆ ಇನ್ನೊಂದರ ಮೇಲೆ ಮುನಿಸು ಬೇಕೆನ್ನುವವರು ಅಲ್ಲಿ ಒಂದು ರಾತ್ರಿ ಕೂತು ನೋಡಬೇಕು.

### ಮಾವೋರಿ ಅಜ್ಜಿಯರು ಮಾಡಿದ್ದು

ಶಾಲೆ ಇಲ್ಲದ ಭಾಷೆ ಎಷ್ಟು ದಿನ? ತಮಿಳುನಾಡು 2006ರಲ್ಲಿ ತಂದ ಕಾನೂನಿನಂತೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಲಿಕೆ ಕಡ್ಡಾಯವಾಯಿತು. ಕನ್ನಡ ಮಾಧ್ಯಮದ ಶಾಲೆಗಳಿದ್ದ ಹೊಸೂರು, ತಾಳವಾಡಿ ಕಡೆ ಇದು ದೊಡ್ಡ ಚರ್ಚೆಯಾಯಿತು. ಸೇಲಂನಲ್ಲಿ ಕಳೆದುಕೊಳ್ಳಲು ಕನ್ನಡ ಶಾಲೆಯೇ ಇರಲಿಲ್ಲ. ಹಾಗಾಗಿ ಇಲ್ಲಿನ ಪ್ರಶ್ನೆ ಸರ್ಕಾರದ್ದಲ್ಲ, ಮನೆಯದು.

ಇಂಥದೇ ಇಕ್ಕಟ್ಟಿಗೆ ಸಿಕ್ಕ ನ್ಯೂಜಿಲೆಂಡಿನ ಮಾವೋರಿ ಜನ ಒಂದು ದಾರಿ ಕಂಡುಕೊಂಡರು. ಅವರಲ್ಲೂ ಅಜ್ಜಿ-ತಾತಂದಿರಿಗೆ ಭಾಷೆ ಬರುತ್ತಿತ್ತು, ಅಪ್ಪ-ಅಮ್ಮನಿಗೆ ಅಷ್ಟಕ್ಕಷ್ಟೆ, ಮಕ್ಕಳಿಗೆ ಇಂಗ್ಲಿಷ್ ಮಾತ್ರ. 1982ರಲ್ಲಿ ವೆಲ್ಲಿಂಗ್ಟನ್ ಬಳಿ ಮೊದಲ 'ಕೋಹಂಗಾ ರಿಯೋ' ಶುರುವಾಯಿತು. ಶಾಲೆಗೆ ಹೋಗುವ ವಯಸ್ಸಾಗದ ಪುಟಾಣಿಗಳನ್ನು ಊರ ಹಿರಿಯರ ಜೊತೆ ಬಿಡುವುದು, ಉಣ್ಣುವುದು, ಹಾಡುವುದು, ಜಗಳವಾಡುವುದು ಎಲ್ಲವೂ ಮಾವೋರಿಯಲ್ಲೇ. ಕೆಲವೇ ವರ್ಷಗಳಲ್ಲಿ ಇಂಥ ಮನೆಗಳು ನೂರಾರು ಆದವು. 1987ರಲ್ಲಿ ಮಾವೋರಿ ಆ ದೇಶದ ಅಧಿಕೃತ ಭಾಷೆಯೂ ಆಯಿತು. ಭಾಷೆ ಬಲ್ಲ ಕೊನೆಯ ತಲೆಮಾರು ಇರುವಾಗಲೇ ಅವರು ಎಚ್ಚೆತ್ತರು. ಹತ್ತು ವರ್ಷ ತಡವಾಗಿದ್ದರೆ ಕಲಿಸಲು ಅಜ್ಜಿಯರೇ ಇರುತ್ತಿರಲಿಲ್ಲ.

ಸೇಲಂ ಸೀಮೆಯಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಕೇರಿಕೇರಿಗೂ ಚೌಡೇಶ್ವರಿಯ ಗುಡಿಯಿದೆ, ಗುಡಿಗೆ ಮಂಟಪವಿದೆ. ಅಮಾವಾಸ್ಯೆಯ ರಜೆ ಮೊದಲೇ ಇದೆ. ತಿಂಗಳಿಗೊಂದು ಸಂಜೆ ಮಕ್ಕಳು ಮಂಟಪದಲ್ಲಿ ಸೇರಿ ಅಜ್ಜಿಯರ ಕತೆ ಕೇಳುವುದು ಆಗದ ಮಾತೇನಲ್ಲ. ಬೆಂಗಳೂರಿನಿಂದ ಕನ್ನಡದ ಹೆಸರಿನಲ್ಲಿ ಶಾಲು, ಹಾರ, ಫಲಕ ಹೊತ್ತು ಹೋಗುವವರು ನಾಲ್ಕು ಚಿತ್ರಪುಸ್ತಕ ಒಯ್ದರೆ ಹೆಚ್ಚು ಉಪಕಾರ. ಅದೂ ಬರೀ ಬೆಂಗಳೂರು-ಮೈಸೂರಿನ ಕನ್ನಡದ್ದಲ್ಲ. ಸೇಲಂ ಅಜ್ಜಿಯ ಮಾತನ್ನೇ ಅಚ್ಚು ಹಾಕಿಸಿದ ಪುಸ್ತಕ ಬೇಕು. ಇವರ ಕನ್ನಡವನ್ನು ತಪ್ಪು ಎನ್ನುವ ಹಕ್ಕು ನಮಗಿಲ್ಲ. ಯಾರ ಆಸರೆಯೂ ಇಲ್ಲದೆ ಉಳಿಸಿಕೊಂಡ ಭಾಷೆಯದು.

ಬರವಣಿಗೆಯ ತೊಡಕು ಮಾತ್ರ ನಿಜವಾದದ್ದು. ಇಲ್ಲಿನ ಮನೆಗಳಲ್ಲಿ ಕನ್ನಡ ಓದಲು ಬರುವವರು ಅಪರೂಪ. ಮದುವೆಯ ಸೋಬಾನೆ, ತೊಟ್ಟಿಲ ಹಾಡು, ಕುಲದ ಹೆಸರುಗಳನ್ನು ಬರೆದಿಡಬೇಕೆಂದರೆ ತಮಿಳು ಲಿಪಿಯೇ ಗತಿ. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಪ-ಬ ಎರಡಕ್ಕೂ ಒಂದೇ, ತ-ದ ಎರಡಕ್ಕೂ ಒಂದೇ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಅಜ್ಜಿಯ ಹಾಡು ಬರೆದುಕೊಂಡು ಮಾರನೆಯ ದಿನ ಓದಿದರೆ ಗಂಡ ಕಂಡನಾಗುತ್ತಾನೆ, ಬಾಳು ಪಾಳಾಗುತ್ತದೆ. ಅಜ್ಜಿ ಪಕ್ಕದಲ್ಲಿದ್ದರೆ ನಕ್ಕು ತಿದ್ದುತ್ತಾಳೆ. ಬರೆದ ಪುಟದಲ್ಲಿ ಇಲ್ಲದ ಸದ್ದು ಅಜ್ಜಿಯ ನಾಲಿಗೆಯಲ್ಲಿದೆ.

ಇದಕ್ಕೆ ಮದ್ದು ಮಕ್ಕಳ ಕೈಯಲ್ಲೇ ಇದೆ. ನೋಟ್‌ಬುಕ್ಕಿನ ಜೊತೆ ಮೊಬೈಲಿನಲ್ಲಿ ಅಜ್ಜಿಯ ದನಿಯನ್ನೂ ಹಿಡಿದಿಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಕನ್ನಡದ ಅಕ್ಷರ ಬೇಕು. ಮೂರು ಭಾಷೆಯನ್ನು ಆಡುತ್ತಲೇ ಬೆಳೆದ ಮಗುವಿಗೆ ಇನ್ನೊಂದು ಅಕ್ಷರಮಾಲೆ ಹೊರೆಯಲ್ಲ, ಒಂದು ಬೇಸಿಗೆ ರಜೆಯ ಕೆಲಸ. ಆಡಿ ಹಬ್ಬಕ್ಕೆಂದು ಬೆಂಗಳೂರಿನಿಂದ, ಚೆನ್ನೈನಿಂದ ತವರಿಗೆ ಬರುವ ಮಗಳು-ಅಳಿಯಂದಿರು ಚೀಲದಲ್ಲಿ ಒಂದು ಕನ್ನಡ ಅಕ್ಷರಮಾಲೆ ಪುಸ್ತಕ ಹಾಕಿಕೊಂಡು ಬರಲಿ. ಅಕ್ಷರ ಕಲಿತ ಮೊಮ್ಮಗಳು ಮೊದಲು ಬರೆಯಬೇಕಾದದ್ದು ತನ್ನ ಅಜ್ಜಿಯ ಹೆಸರು, ಆಮೇಲೆ ತನ್ನ ಕುಲದ ಹೆಸರು, ಆಮೇಲೆ ಆ ನೋಟ್‌ಬುಕ್ಕಿನ ಮೊದಲ ಹಾಡು.